ವಾಪಸು ತಂತಿ

ಬೆಳಗ್ಗೆ ಎದ್ದು ಸ್ವಿಚ್ಚು ಹಾಕಿದಾಗ ಮೈಕಿನ ಸೆಟ್ಟಿನಲ್ಲಿ ಗುಂಯ್ ಎನ್ನುವ ಸದ್ದು ಇರಲಿಲ್ಲ. ರೇಣುಕಯ್ಯನಿಗೆ ಸಂಕಟವಾದದ್ದು ಅದಕ್ಕೇ. ವಾಲ್ವುಗಳು ಒಂದೊಂದಾಗಿ ಕೆಂಪಗೆ ಕಾದವು. ಗೋಡೆಗೆ ಮುಖ ಮಾಡಿ ನಿಲ್ಲಿಸಿದ್ದ ಹಾರ್ನಿನ ಬಾಯಿಗೆ ಅವನು ಕಿವಿಯಿಟ್ಟು ಕೂತ. ಹೊರಗೆ ಎತ್ತಿನ ಗಾಡಿ ಕಿರುಗುಟ್ಟುತ್ತ ಹೋದದ್ದು ಕೇಳಿತು, ಒಳಗೆ ಹೆಂಡತಿ ದಾಕ್ಷಾಯಣಮ್ಮ ರಾಗಿ ಹಿಟ್ಟು ಜರಡಿ ಹಿಡಿಯುವುದು ಕೇಳಿತು, ತನ್ನದೇ ಎದೆಯ ಗೊರಗೊರ ಕೇಳಿತು. ಸೆಟ್ಟು ಮಾತ್ರ ಏನೂ ಅರಿಯದ ಹಾಗೆ ಸುಮ್ಮನಿತ್ತು. ಐದು ವರ್ಷ ಆ ಸದ್ದಿನ ಜೊತೆ ಅವನು ಬಾಳಿದ್ದ. ಮದುವೆ ಮನೆಯಾಗಲಿ, ಭಾಷಣದ ಬಯಲಾಗಲಿ, ಮೊದಲು ಅದು ಬರುತ್ತಿತ್ತು, ಆಮೇಲೆ ಮಾತು ಬರುತ್ತಿತ್ತು. ಗುಂಯ್ ಎಂದರೆ ಸಾಕು, ಮಧುಗಿರಿಯ ಜನ ಮೈಕಯ್ಯ ಬಂದ ಎನ್ನುತ್ತಿದ್ದರು. ಜಂಗಮರ ಮನೆಯಲ್ಲಿ ಹುಟ್ಟಿ ಪಾದ ತೊಳೆಸಿಕೊಂಡು ಬದುಕಬೇಕಾದವನು ಹೆಗಲಿಗೆ ತಂತಿ ಸುತ್ತಿಕೊಂಡು ಬೀದಿ ಅಲೆದು ಮೈಕಯ್ಯ ಎನ್ನಿಸಿಕೊಂಡನಲ್ಲ ಎಂದು ಅವನ ಅಪ್ಪ ಸಾಯುವವರೆಗೂ ಕೊರಗಿದ್ದ. ಸೆಟ್ಟಿನಲ್ಲಿ ಏನೇ ತಪ್ಪಿದರೂ ಅದು ಇರುವುದೇ ಹೀಗೆ ಎಂದು ಹೇಳಿಬಿಡಲು ಆ ಸದ್ದು ಒಂದು ಮರೆಯಾಗಿತ್ತು. ಈಗ ಆ ಮರೆ ಹೋಯಿತು. ಇವತ್ತು ಶಂಕರಲಿಂಗಪ್ಪನ ಮನೆಯಲ್ಲಿ ಎರಡನೆಯ ಮಗಳ ಮದುವೆಯ ಚಪ್ಪರ. ಅಲ್ಲಿಗೆ ಹೋಗಬೇಕು. ಹುಷಾರಿಲ್ಲ ಎಂದು ಹೇಳಿ ಕಳಿಸಿದರಾಯಿತು ಎಂದು ಒಂದು ಸಲ ಅನ್ನಿಸಿತು. ಹೇಳಿ ಕಳಿಸುವುದಕ್ಕೂ ಏಳಬೇಕಲ್ಲ ಎಂದು ಸುಸ್ತಾಗಿ ಕೂತ.

ಸದ್ದು ಹೋದದ್ದು ಶಿರಾದ ಬೊಮ್ಮಣ್ಣನಿಂದ. ಬೊಮ್ಮಣ್ಣ ಯುದ್ಧಕ್ಕೆ ಸೇರಿ, ಬರ್ಮಾದ ಕಾಡಿನಲ್ಲಿ ವೈರ್‌ಲೆಸ್ ಪೆಟ್ಟಿಗೆ ಹೊತ್ತು ತಿರುಗಿ, ಹೋದ ವರ್ಷ ಒಂದು ಟ್ರಂಕಿನ ತುಂಬ ಬಿಡಿಭಾಗಗಳ ಸಮೇತ ಊರಿಗೆ ಬಂದಿದ್ದ. ಹೇಗೆ ತಂದೆ ಎಂದು ಯಾರೂ ಕೇಳಲಿಲ್ಲ, ಅವನೂ ಹೇಳಲಿಲ್ಲ. ಸೆಟ್ಟಿನ ತಳ ಬಿಚ್ಚಿ ನೋಡಿ ಅವನು ನಕ್ಕಿದ್ದ. ಮದರಾಸಿನಿಂದ ತರಿಸಿದ ಟ್ರಾನ್ಸ್‌ಫಾರ್ಮರು ಸೆಕೆಂಡಿಗೆ ಐವತ್ತು ಸಲ ಮಿಡಿಯುವ ಕರೆಂಟಿಗೆಂದು ಮಾಡಿದ್ದು. ಇಲ್ಲಿನ ಕರೆಂಟು ಮಿಡಿಯುವುದು ಇಪ್ಪತ್ತೈದು ಸಲ. ಅದಕ್ಕೇ ಅದು ಜ್ವರ ಬಂದವರ ಹಣೆಯ ಹಾಗೆ ಕಾಯುತ್ತದೆ, ಅದಕ್ಕೇ ಸದ್ದು ಎಂದು ಬೊಮ್ಮಣ್ಣ ಬಿಡಿಸಿ ಹೇಳಿದ. ರೇಣುಕಯ್ಯ ಅದನ್ನು ಅರ್ಥ ಮಾಡಿಕೊಂಡದ್ದು ತನ್ನ ತಾಯಿಯ ತವರು ಮದಲೂರಿನ ಕೆರೆಯ ಲೆಕ್ಕದಲ್ಲಿ. ಹಳ್ಳ ಬಿಟ್ಟು ಬಿಟ್ಟು ಹರಿದರೂ ಕೆರೆ ದೊಡ್ಡದಿದ್ದರೆ ತೂಬಿನ ನೀರು ಒಂದೇ ಸಮನೆ ಬರುತ್ತದೆ. ಸೆಟ್ಟಿಗೆ ಕೆರೆ ಎಂದರೆ ಕಂಡೆನ್ಸರು. ಅದು ಚಿಕ್ಕದಾದರೆ ಕರೆಂಟಿನ ಏರಿಳಿತವೆಲ್ಲ ನೇರವಾಗಿ ವಾಲ್ವಿಗೆ ಬರುತ್ತದೆ, ಅದೇ ಗುಂಯ್ ಎನ್ನುತ್ತದೆ. ಯಾರಾದರೂ ದನಿಯೆತ್ತಿ ಹಾಡಿದರೆ ಒಮ್ಮೆಗೇ ಹೆಚ್ಚು ಬೇಕಾಗುತ್ತದೆ, ಕೆರೆಯ ತಳ ಕಾಣುತ್ತದೆ, ದನಿ ಒಡೆಯುತ್ತದೆ. ಒಡೆಯುವುದು ಸೆಟ್ಟಿನೊಳಗೆ. ಹೊರಗೆ ಕೂತು ಕೇಳುವವರಿಗೆ ಅದು ಹೇಗೆ ಗೊತ್ತಾಗಬೇಕು? ಬೊಮ್ಮಣ್ಣ ಇದನ್ನೆಲ್ಲ ಹೊಸದಾಗಿ ಹೇಳಿಕೊಡುವವನ ಹಾಗೆ ಹೇಳುತ್ತಿದ್ದಾಗ ರೇಣುಕಯ್ಯ ತಲೆಯಾಡಿಸುತ್ತ ಕೇಳಿದ. ಅಷ್ಟೂ ತನಗೆ ಮೊದಲೇ ಗೊತ್ತಿತ್ತು ಎಂದು ಅವನಿಗೆ ಹೇಳಲಿಲ್ಲ. ಅವನು ಟ್ರಂಕಿನಿಂದ ತೆಗೆದುಕೊಟ್ಟ ಬೇರೆ ಟ್ರಾನ್ಸ್‌ಫಾರ್ಮರನ್ನೂ ದೊಡ್ಡ ಕಂಡೆನ್ಸರುಗಳನ್ನೂ ಸೆಟ್ಟಿಗೆ ಕೂರಿಸಿದ.

ಗೊತ್ತಿಲ್ಲದೆ ಇದ್ದದ್ದು ವಾಪಸು ತಂತಿಯ ವಿಷಯ. ಬೊಮ್ಮಣ್ಣ ಅದನ್ನು ಹಾಗೆ ಕರೆದ. ಹಾರ್ನಿಗೆ ಹೋಗುವ ಸದ್ದಿನಲ್ಲಿ ಒಂದು ಚೂರನ್ನು ಸಣ್ಣ ತಂತಿಯಲ್ಲಿ ಹಿಂದಕ್ಕೆ ತಂದು ಮೊದಲನೆಯ ವಾಲ್ವಿಗೆ ಕೊಡಬೇಕು, ಅದೂ ತಿರುಗುಮುರುಗಾಗಿ ಕೊಡಬೇಕು. ಆಗ ಸೆಟ್ಟು ತಾನು ಆಡಿದ್ದನ್ನು ತಾನೇ ಕೇಳಿಸಿಕೊಳ್ಳುತ್ತದೆ, ತಾನಾಗಿ ಸೇರಿಸಿದ ಕಲಬೆರಕೆಯನ್ನು ತಾನೇ ಕಳೆಯುತ್ತದೆ. ಮೊದಲ ದಿನ ರೇಣುಕಯ್ಯ ತಂತಿಯ ತುದಿಗಳನ್ನು ಅದಲುಬದಲು ಮಾಡಿ ಬೆಸೆದುಬಿಟ್ಟ. ಸ್ವಿಚ್ಚು ಹಾಕಿದ ಕೂಡಲೇ ಹಾರ್ನು ಕಿವಿ ಹರಿದುಹೋಗುವ ಹಾಗೆ ಕಿರುಚಿತು. ದಾಕ್ಷಾಯಣಮ್ಮ ಹಿಟ್ಟಿನ ಕೈಯಲ್ಲೇ ಬಾಗಿಲಿಗೆ ಓಡಿ ಬಂದಳು. ಇವನು ತಂತಿ ಕಿತ್ತು, ಬೆವರೊರೆಸಿಕೊಂಡು, ಅದು ತನ್ನ ಮಾತನ್ನು ತಾನೇ ಕೇಳಿಸಿಕೊಳ್ಳುವ ಏರ್ಪಾಟು ಎಂದು ವಿವರಿಸಿದ.

"ನಿಮ್ಮಂಗೇ ಐತೆ ಬುಡಿ," ಎಂದಳು ಅವಳು. "ತನ್ನ ಮಾತು ತನಗೇ ಕೇಳ್ಸಿದ್ರೆ ಕಿರುಚ್ಕಂತದೆ."

ತಮಾಷೆಗೆ ಅಂದದ್ದು. ಶಂಕರಲಿಂಗಪ್ಪನ ಮೊದಲ ಮಗಳ ಮದುವೆಯಲ್ಲಿ ಅವನು ಆಡಿದ ಮಾತು ಅವಳಿಗೆ ಗೊತ್ತಿರಲಿಲ್ಲ. ಅವನು ನಗಲಿಲ್ಲ. ತುದಿಗಳನ್ನು ಬದಲಿಸಿ ಬೆಸೆದ ಮೇಲೆ ಸೆಟ್ಟು ಸುಮ್ಮನಾಯಿತು, ಆದರೆ ಜೋರು ಅರ್ಧಕ್ಕರ್ಧ ಇಳಿದುಹೋಯಿತು. ಸರಿಯಾಗಬೇಕಾದರೆ ಸಣ್ಣಗಾಗಬೇಕೇನೋ ಎಂದು ಒಂದು ದೊಡ್ಡ ಮಾತು ಹೊಳೆದು, ಇಂಥ ದೊಡ್ಡ ಮಾತು ಆಡುವ ಯೋಗ್ಯತೆ ತನಗೆಲ್ಲಿದೆ ಎಂದು ನಾಚಿಕೊಂಡು, ತಿರುಪು ಬಿಗಿದು ತಳ ಮುಚ್ಚಿದ.

ಜಟಕಾದಲ್ಲಿ ಸೆಟ್ಟನ್ನು ತೊಡೆಯ ಮೇಲಿಟ್ಟುಕೊಂಡು, ಹಾರ್ನನ್ನು ಕಾಲಸಂದಿಯಲ್ಲಿ ನಿಲ್ಲಿಸಿಕೊಂಡು ಅವನು ಪೇಟೆಯ ಕಡೆ ಹೊರಟಾಗ ಬೆಟ್ಟದ ಬಂಡೆ ಆಗಲೇ ಕಾಯತೊಡಗಿತ್ತು. ಮಧುಗಿರಿಯಲ್ಲಿ ಬಿಸಿಲು ಎರಡು ಸಲ ಬೀಳುತ್ತದೆ, ಒಂದು ಮೇಲಿನಿಂದ, ಇನ್ನೊಂದು ಬೆಟ್ಟದಿಂದ. ಕುದುರೆ ಕೋರ್ಟಿನ ಮುಂದೆ ತಿರುಗುವಾಗ ಚಕ್ರ ಕಲ್ಲಿಗೆ ಹತ್ತಿ ಸೆಟ್ಟು ಎಗರಿತು, ಅವನು ಎರಡೂ ಕೈಯಲ್ಲಿ ತಬ್ಬಿಕೊಂಡ. ಅವತ್ತೂ ಹೀಗೇ ತಬ್ಬಿಕೊಂಡು ಬಂದಿದ್ದ. ಶಂಕರಲಿಂಗಪ್ಪನ ಮೊದಲ ಮಗಳು ಇಂದ್ರಮ್ಮನ ಮದುವೆ, ನಾಲ್ಕು ವರ್ಷವಾಯಿತು. ಅದೇ ಅಂಗಳ, ಅದೇ ಒರಳು. ಒರಳಿಗೆ ಸುಣ್ಣ ಕೆಮ್ಮಣ್ಣಿನ ಪಟ್ಟೆ ಬಳಿದು, ಒನಕೆಗಳಿಗೆ ವೀಳ್ಯದೆಲೆ ಅರಿಶಿನದ ಕೊಂಬು ಕಟ್ಟಿ, ಐದು ಜನ ಮುತ್ತೈದೆಯರು ಹಿಡಿದು ನಿಂತಿದ್ದರು. ಸೋಬಾನೆ ಎತ್ತುವವರೆಗೆ ಒನಕೆ ಎತ್ತುವಂತಿಲ್ಲ; ಮೊದಲ ಪದ ಮುಗಿಯುವಾಗ ಅರಿಶಿನದ ಮೇಲೆ ಮೊದಲ ಏಟು ಬೀಳಬೇಕು. ಪದ ಎತ್ತುವವಳು ಆಂಜಿನಮ್ಮ. ಊರಾಚೆಯ ಹಟ್ಟಿಯವಳು, ಕಟ್ಟುಮಸ್ತಾದ ಹೆಂಗಸು. ಅವಳನ್ನು ಬರಗೂರಿನವರೂ ಗಾಡಿ ಕಟ್ಟಿ ಕರೆಸಿಕೊಳ್ಳುತ್ತಿದ್ದರು. ಅವಳು ಅಂಗಳದಲ್ಲಿ ಹಾಡಿದರೆ ಬೀದಿಯ ಕೊನೆಯಲ್ಲಿ ಕಾಫಿ ಕುಡಿಯುವವರು ಲೋಟ ಕೆಳಗಿಡುತ್ತಿದ್ದರು. ಅಂಥ ದನಿಗೆ ಮೈಕು ಯಾಕೆ ಬೇಕಿತ್ತೋ. ಊರೆಲ್ಲ ಕೇಳಬೇಕು ಎಂದು ಶಂಕರಲಿಂಗಪ್ಪ ಹಟ ಹಿಡಿದಿದ್ದ. ಹಿಂದಿನ ದಿನ ಒಂದು ಕಂಡೆನ್ಸರು ಉಬ್ಬಿ ಒಡೆದಿತ್ತು. ಯುದ್ಧದ ಕಾಲ, ಬೆಂಗಳೂರಿನಲ್ಲೂ ಸಿಗುತ್ತಿರಲಿಲ್ಲ. ರೇಣುಕಯ್ಯ ಒಡೆದದ್ದನ್ನು ಕತ್ತರಿಸಿ ಎಸೆದು, ಉಳಿದ ಒಂದರಲ್ಲೇ ನಡೆದೀತು ಎಂದು ತಂದಿದ್ದ. ಆಂಜಿನಮ್ಮ ಹಾಡುವ ಮೊದಲು ಹಾರ್ನಿನ ಹತ್ತಿರ ತಲೆ ಬಾಗಿಸಿ, ಅಯ್ನೋರೇ ಇದ್ರೊಳಗೆ ಜೇನುಹುಳ ಕುಂತಂಗೈತಲ್ಲ ಎಂದಿದ್ದಳು. ಅದೆಲ್ಲ ನಿನಗ್ಯಾಕೆ, ನೀನು ಹಾಡು ಎಂದು ಅವನು ಗದರಿದ್ದ. ಸೆಟ್ಟಿನ ತಪ್ಪನ್ನು ಊರಿಗೆಲ್ಲ ಮೊದಲು ಕೇಳಿಸಿಕೊಂಡವಳು ಅವಳೇ.

ಎರಡು ಸಾಲು ಹೇಗೋ ಆಯಿತು. ಮೂರನೆಯ ಸಾಲಿನಲ್ಲಿ ಪದ ಮೇಲಕ್ಕೆ ಏರುತ್ತದೆ, ಮದುವೆ ಹೆಣ್ಣಿನ ಹೆಸರು ಬರುವುದು ಅಲ್ಲೇ. ಆಂಜಿನಮ್ಮ ಇಂದ್ರಮ್ಮನ ಹೆಸರನ್ನು ಎತ್ತಿದಾಗ ಸೆಟ್ಟು ಗುಟುಕರಿಸಿತು, ದನಿ ಒಣ ಬಿದಿರಿನ ಹಾಗೆ ಸೀಳಿತು. ಅವಳು ಬೆಚ್ಚಿ ಇನ್ನೊಂದು ಸಲ ಎತ್ತಿದಳು, ಮತ್ತೆ ಸೀಳಿತು. ಬೀದಿಯಲ್ಲಿ ಯಾರೋ ನಕ್ಕರು. ಹಾಡು ನಿಂತಿತು. ಒನಕೆ ಹಿಡಿದವರು ಒಬ್ಬರ ಮುಖ ಒಬ್ಬರು ನೋಡಿಕೊಂಡು, ಹೊತ್ತು ಮೀರುತ್ತದೆಂದು ಹೇಗೆ ಹೇಗೋ ಕುಟ್ಟಿದರು. ಶಂಕರಲಿಂಗಪ್ಪ ಬಿರಬಿರನೆ ಬಂದು ಏನಾಗಿದೆ ನಿನ್ನ ಸೆಟ್ಟಿಗೆ ಎಂದು ಕೇಳಿದ. ಕೇಳಿದ್ದಕ್ಕೂ ತಾನು ಉತ್ತರ ಕೊಟ್ಟದ್ದಕ್ಕೂ ನಡುವೆ ಎಷ್ಟು ಹೊತ್ತಿತ್ತು ಎಂದು ರೇಣುಕಯ್ಯ ಆಮೇಲೆ ಎಷ್ಟೋ ಸಲ ಅಳೆದು ನೋಡಿದ್ದ. ಒಂದು ಉಸಿರಿನಷ್ಟೂ ಇರಲಿಲ್ಲ. ಸೆಟ್ಟು ಸರಿಯಾಗೈತೆ ಯಜಮಾನ್ರೇ, ಆಯಮ್ಮನ ಗಂಟಲೇ ಒಡೆದೈತೆ ಎಂದುಬಿಟ್ಟಿದ್ದ. ಆಂಜಿನಮ್ಮ ಮೂರು ಮಾರು ದೂರದಲ್ಲಿ ನಿಂತಿದ್ದಳು. ಜಗಳಕ್ಕೆ ಬಂದಿದ್ದರೆ ಅವನು ಬದುಕಿಕೊಳ್ಳುತ್ತಿದ್ದ. ಅವಳು ಬರಲಿಲ್ಲ, ಸುಮ್ಮನೆ ಕೈಯೆತ್ತಿ ತನ್ನ ಗಂಟಲು ಮುಟ್ಟಿ ನೋಡಿಕೊಂಡಳು. ಆ ಕೈ ಅವನ ಕಣ್ಣಿನಿಂದ ಹೋಗಲೇ ಇಲ್ಲ. ಶುಭದ ಹಾಡು ನಡುವೆ ಮುರಿದವಳನ್ನು ಶುಭಕ್ಕೆ ಯಾರು ಕರೆಯುತ್ತಾರೆ? ಅಲ್ಲಿಂದ ಮುಂದೆ ಮದುವೆಗಳಲ್ಲಿ ಗ್ರಾಮಫೋನಿನ ಪ್ಲೇಟು ಬಂತು. ಪ್ಲೇಟಿಗೆ ಮೈಕು ಹಿಡಿದು ಕೂರುವ ಕೆಲಸವೂ ರೇಣುಕಯ್ಯನದೇ ಆಯಿತು. ಅವಳು ಈಗ ರಾಗಿ ಬೀಸುವಾಗಲೂ ಹಾಡುವುದಿಲ್ಲವಂತೆ ಎಂದು ದಾಕ್ಷಾಯಣಮ್ಮ ಯಾವಾಗಲೋ ಹೇಳಿದ್ದಳು. ಅವತ್ತು ಅವನು ಊಟ ಬಿಟ್ಟು ಎದ್ದಿದ್ದ, ಸಾರಿಗೆ ಉಪ್ಪು ಹೆಚ್ಚಾಗಿದೆ ಎಂದು ನೆಪ ಹೇಳಿ.

ಜಟಕಾ ನಿಂತಿತು. ಹಾರ್ನನ್ನು ಚಪ್ಪರದ ಗಳಕ್ಕೆ ಕಟ್ಟುವಾಗ ಕೈ ನೋಯಿತು, ಏಣಿ ಹತ್ತಿ ಇಳಿಯುವಷ್ಟರಲ್ಲಿ ಎದೆ ಏದುಸಿರು ಬಿಡುತ್ತಿತ್ತು. ಪ್ಲೇಟು ಹಾಕಿ ಒಂದು ಹಾಡು ಬಿಟ್ಟ. ಎಷ್ಟು ನಿಚ್ಚಳವಾಗಿ ಬಂತೆಂದರೆ ಹಾಡುವವರು ನಡುವೆ ಉಸಿರು ತೆಗೆದುಕೊಂಡದ್ದೂ ಕೇಳಿತು, ಸೂಜಿ ತಿರುಗುವ ಸರಸರವೂ ಕೇಳಿತು. ಐದು ವರ್ಷ ತಂತಿಯ ಜೊತೆ ಏಗಿದ್ದಕ್ಕೆ ಇದೊಂದು ಸಿಕ್ಕಿತಲ್ಲ ಎಂದು ಅವನ ಕಣ್ಣು ಒದ್ದೆಯಾಯಿತು. ತನ್ನ ಕೈಯಲ್ಲಿ ಇಂಥದೊಂದು ಆಗುತ್ತದೆಂದು ಅವನೇ ನಂಬಿರಲಿಲ್ಲ. ಅಷ್ಟರಲ್ಲಿ ಶಂಕರಲಿಂಗಪ್ಪ ಜವಳಿ ಅಂಗಡಿಯಿಂದ ಬಂದ. ಪಾದಪೂಜೆಯ ದಿನ ಇದೇ ರೇಣುಕಯ್ಯನಿಗೆ ಬುದ್ಧೀ ಎಂದು ಬಗ್ಗುವವನು, ಮೈಕಿನ ದಿನ ಮಾತ್ರ ನೀನು ತಾನು ಎನ್ನುತ್ತಿದ್ದ. ಸೊಂಟದ ಮೇಲೆ ಕೈಯಿಟ್ಟು ಹಾರ್ನಿನ ಕಡೆ ನೋಡಿ ಮುಖ ಸಿಂಡರಿಸಿದ.

"ಏನ್ ಮೈಕಯ್ಯ, ಬಸ್ ಸ್ಟ್ಯಾಂಡಿಗೂ ಕೇಳ್ಸಲ್ಲವಲ್ಲ ಇದು. ಹೋದ್ಸಲ ಹೆಂಗ್ ಗುಡುಗ್ತಿತ್ತು."

ಈಗ ಸ್ಪಷ್ಟವಾಗಿದೆ ಎಂದು ರೇಣುಕಯ್ಯ ಹೇಳಿದ. ಸ್ಪಷ್ಟ ಯಾರಿಗೆ ಬೇಕು, ಮದಲೂರಿನಿಂದ ಬೀಗರು ಬರುತ್ತಾರೆ, ಬಸ್ಸಿಳಿದ ಕೂಡಲೇ ಅವರಿಗೆ ಗೊತ್ತಾಗಬೇಕು ಇಂಥವರ ಮನೆ ಮದುವೆ ಅಂತ ಎಂದು ಶಂಕರಲಿಂಗಪ್ಪ ಗೊಣಗಿ ಒಳಗೆ ಹೋದ. ನೋಡ್ತೀನಿ ಯಜಮಾನ್ರೇ ಎಂದು ರೇಣುಕಯ್ಯ ಬೆನ್ನಿಗೆ ಹೇಳಿದ. ನೋಡುವುದು ಏನೂ ಇರಲಿಲ್ಲ. ವಾಪಸು ತಂತಿಯನ್ನು ಒಂದು ಕಡೆ ಕಿತ್ತರೆ ಸಾಕು, ಸೆಟ್ಟಿಗೆ ಅದರ ಹಳೆಯ ಗಂಟಲೆಲ್ಲ ಬರುತ್ತದೆ. ಬೀಗರೇನು, ಬೆಟ್ಟದ ಮೇಲಿನ ಕೋತಿಗಳೂ ಕೇಳುತ್ತವೆ. ಪೆಟ್ಟಿಗೆಯ ಹಿಂದಿನ ಸಂದಿಯಲ್ಲಿ ಕೈ ಹಾಕಿ ಬೆರಳ ತುದಿಯಿಂದ ಆ ತಂತಿಯನ್ನು ಮುಟ್ಟಿದ. ಬೆಚ್ಚಗಿತ್ತು. ಇಷ್ಟು ತೆಳ್ಳಗಿನದು. ಕೀಳದೆ ಕೈ ತೆಗೆದ. ಧೈರ್ಯದಿಂದ ಅಲ್ಲ, ಕಿತ್ತು ಮತ್ತೆ ಬೆಸೆಯಬೇಕಲ್ಲ ಎಂಬ ಬೇಸರದಿಂದ ಎಂದು ತನಗೆ ತಾನೇ ಹೇಳಿಕೊಂಡ.

ನೀರು ಕುಡಿಯಲು ಹಿತ್ತಲಿಗೆ ಹೋದಾಗ ಅವಳು ಕಂಡಳು. ಇರುತ್ತಾಳೆಂದು ಅವನಿಗೆ ಗೊತ್ತಿತ್ತೇ? ಗೊತ್ತಿತ್ತು, ಬೆಳಗ್ಗೆಯಿಂದ ಏಳಲಾರದೆ ಕೂತದ್ದು ಅದಕ್ಕೇ ತಾನೆ. ಬೇವಿನ ಮರದ ನೆರಳಿನಲ್ಲಿ ಆಂಜಿನಮ್ಮ ಮದುವೆಯ ಅಕ್ಕಿ ಕೇರುತ್ತಿದ್ದಳು. ಹಾಡಲು ಬಂದವಳು ತಾಂಬೂಲ ತೆಗೆದುಕೊಂಡು ಚಾಪೆಯ ಮೇಲೆ ಕೂರುತ್ತಿದ್ದಳು, ಈಗ ಕೂಲಿಗೆ ಬಂದು ನೆಲದ ಮೇಲೆ ಕೂತಿದ್ದಳು. ಮೈ ಇಳಿದಿತ್ತು. ಮೊರ ಕೆಳಗಿಟ್ಟು, ಎದ್ದು, ಒಂದು ಪಕ್ಕಕ್ಕೆ ಸರಿದು, ಚೆನ್ನಾಗಿದೀರಾ ಅಯ್ನೋರೇ ಎಂದಳು. ಮಾತಾಡುವಾಗ ಎಡಗೈ ಗಂಟಲಿಗೆ ಹೋಯಿತು, ನೋಯುವ ಜಾಗವನ್ನು ಯಾರಿಗೂ ತಗುಲದ ಹಾಗೆ ಕಾಯ್ದುಕೊಳ್ಳುವಂತೆ. ಹೇಳಬೇಕಾದದ್ದು ಅವನ ಬಾಯಲ್ಲೇ ಇತ್ತು, ನಾಲ್ಕು ವರ್ಷದಿಂದ ಇತ್ತು, ಹೆಚ್ಚೆಂದರೆ ಐದಾರು ಮಾತು. ಚೆನ್ನಾಗಿದೀನಮ್ಮ ಎಂದ. ಒಳಗಿನಿಂದ ಯಾರೋ ತಂದ ಚೊಂಬಿನ ನೀರು ಕುಡಿದ. ಈ ಸಲ ಬಿಸಿಲು ಜಾಸ್ತಿ ಎಂದ. ಹೌದು ಜಾಸ್ತಿ ಎಂದು ಅವಳು ಮತ್ತೆ ಮೊರ ಎತ್ತಿಕೊಂಡಳು. ಕೇರುವ ಅಕ್ಕಿಯ ಸದ್ದು ಒಂದೇ ಲಯದಲ್ಲಿ ಬೀಳುತ್ತಿತ್ತು, ಅದರ ಮೇಲೆ ಒಂದು ಪದ ತಾನಾಗಿಯೇ ಏಳಬೇಕು ಎನ್ನುವ ಹಾಗೆ. ಏಳಲಿಲ್ಲ. ಇವನ್ನೆಲ್ಲ ಸರಿ ಮಾಡುವ ಕಂಡೆನ್ಸರು ಬೊಮ್ಮಣ್ಣನ ಟ್ರಂಕಿನಲ್ಲಿ ಇರಲಿಲ್ಲ. ಹೇಡಿ, ಹೇಡಿ ಎಂದು ತನ್ನನ್ನೇ ಬೈದುಕೊಳ್ಳುತ್ತ ಅವನು ಅಂಗಳಕ್ಕೆ ಬಂದ.

ಮಧ್ಯಾಹ್ನ ಒರಳಿನ ಸುತ್ತ ಹೆಂಗಸರು ಸೇರಿದರು. ಐದು ಒನಕೆ, ಐದು ಜನ. ಎಲ್ಲರಿಗಿಂತ ಮುಂದೆ ಶಂಕರಲಿಂಗಪ್ಪನ ತಾಯಿ ಸಿದ್ದಗಂಗಮ್ಮ, ಎಂಬತ್ತು ದಾಟಿದವಳು. ತಾನು ಕುಟ್ಟಲಾರದಿದ್ದರೂ ಮೊದಲನೆಯ ಒನಕೆಯ ಮೇಲೆ ಅವಳ ಕೈಯಿಲ್ಲದೆ ಆ ಮನೆಯಲ್ಲಿ ಶಾಸ್ತ್ರವಾಗುತ್ತಿರಲಿಲ್ಲ. ರೇಣುಕಯ್ಯ ಸೋಬಾನೆಯ ಪ್ಲೇಟು ಹಾಕಿ ಸೂಜಿ ಇಟ್ಟ. ಹಾಡು ಬಂತು. ಒನಕೆಗಳು ಏಳಲಿಲ್ಲ. ಮುದುಕಿ ತಲೆ ವಾರೆ ಮಾಡಿ ಹಾರ್ನಿನ ಕಡೆ ಕಿವಿ ಕೊಟ್ಟು ಕೇಳಿದಳು. ಮೊದಲಾದರೆ ಗುಂಯ್ ಸದ್ದಿನಲ್ಲಿ ಹಾಡಿನ ಮಾತು ಯಾರಿಗೂ ಬಿಡಿಯಾಗಿ ಕೇಳುತ್ತಿರಲಿಲ್ಲ, ಈಗ ಒಂದೊಂದು ಅಕ್ಷರವೂ ಬಿಡಿಸಿಟ್ಟ ಹಾಗೆ ಕೇಳುತ್ತಿತ್ತು.

"ಇದ್ಯಾರದೋ ಹುಡುಗಿ ಹೆಸರು ಕಣಪ್ಪ ಅದು ಹೇಳ್ತಿರೋದು," ಎಂದಳು ಸಿದ್ದಗಂಗಮ್ಮ ಮಗನಿಗೆ. "ನಮ್ಮ ಮಗಿ ಹೆಸರು ಹೇಳ್ದಲೆ ನಾನು ಒನಕೆ ಎತ್ತಕ್ಕಿಲ್ಲ."

ಶಂಕರಲಿಂಗಪ್ಪ ಬಿಡಮ್ಮ ಹೊತ್ತಾಗುತ್ತೆ ಎಂದ. ಅವಳು ಜಗ್ಗಲಿಲ್ಲ. ಹೆಂಗಸರಲ್ಲಿ ಯಾರಾದರೂ ಎತ್ತಿ ಎಂದರೆ ವಯಸ್ಸಿನವರು ಮೈಕು ನೋಡಿ ಸೆರಗು ಕಚ್ಚಿದರು, ವಯಸ್ಸಾದವರಿಗೆ ಪದ ಪೂರ್ತಿ ಬರುತ್ತಿರಲಿಲ್ಲ. ನಾಲ್ಕು ವರ್ಷದಲ್ಲಿ ಪ್ಲೇಟು ಅಷ್ಟು ಕೆಲಸ ಮಾಡಿತ್ತು. ಹಿತ್ತಲಲ್ಲಿ ಆಂಜಿನಮ್ಮ ಇದ್ದಾಳಲ್ಲ, ಕರೀರಿ ಎಂದಳು ಮುದುಕಿ. ಆ ಒಡಕು ಗಂಟಲನ್ನು ಮತ್ತೆ ತರಬೇಕೇನಮ್ಮ ಎಂದು ಶಂಕರಲಿಂಗಪ್ಪ ಸಿಡುಕಿದ. ಪ್ಲೇಟು ಅಷ್ಟು ಹೊತ್ತಿಗೆ ಮುಗಿದು ಸುಮ್ಮನೆ ತಿರುಗುತ್ತಿತ್ತು. ಮುಂದೆ ಏನಾಯಿತೆಂದು ರೇಣುಕಯ್ಯನಿಗೆ ಸರಿಯಾಗಿ ತಿಳಿಯಲಿಲ್ಲ. ಸೂಜಿ ಎತ್ತಲೆಂದು ಎದ್ದವನು ಸೂಜಿ ಎತ್ತುವುದನ್ನು ಮರೆತು ನಿಂತಿದ್ದ.

"ಗಂಟಲಲ್ಲ ಯಜಮಾನ್ರೇ. ಅವತ್ತು ಹೋಗಿದ್ದು ನನ್ನ ಸೆಟ್ಟು. ಕಂಡೆನ್ಸರ್ ಒಡೆದಿತ್ತು, ತೆಗೆದಾಕಿದ್ದೆ. ಗೊತ್ತಿದ್ದೂ ಗೊತ್ತಿದ್ದೂ ಆಯಮ್ಮನ ಮೇಲೆ ಹಾಕ್ಬುಟ್ಟೆ."

ಆಕಾಶ ಕಳಚಿ ಬೀಳುತ್ತದೆ ಎಂದುಕೊಂಡಿದ್ದ. ಏನೂ ಬೀಳಲಿಲ್ಲ. ಕಂಡೆನ್ಸರ್ ಅಂದ್ರೇನು ಎಂದು ಯಾರೋ ಒಬ್ಬಳು ಪಕ್ಕದವಳನ್ನು ಕೇಳಿದಳು, ಅವಳು ಗೊತ್ತಿಲ್ಲವೆಂದು ತುಟಿ ಮುಂದೆ ಮಾಡಿದಳು. ಶಂಕರಲಿಂಗಪ್ಪ ಗಡಿಯಾರ ನೋಡಿಕೊಂಡು, ಅದೆಲ್ಲ ಆಮೇಲೆ, ಈಗ ಯಾರಾದರೂ ಹಾಡಿ ಮುಗಿಸಿ ಎಂದ. ನಾಲ್ಕು ವರ್ಷ ಎದೆಯ ಮೇಲೆ ಹೊತ್ತು ತಿರುಗಿದ್ದು ಇವರಿಗೆ ಒಂದು ಸೂಜಿ ಮೊಂಡಾದಷ್ಟೂ ದೊಡ್ಡದಲ್ಲ ಎಂದು ಕಂಡು ಅವನಿಗೆ ಹಗುರವಾಗುವ ಬದಲು ಅವಮಾನವಾಯಿತು. ಇಷ್ಟು ಸುಲಭವಿತ್ತೇ? ಇಷ್ಟು ಸುಲಭವಿದ್ದದ್ದನ್ನು ಅವತ್ತೇ ಯಾಕೆ ಹೇಳಲಿಲ್ಲ? ತಲೆಯೆತ್ತಿದಾಗ ಆಂಜಿನಮ್ಮ ಹಿತ್ತಲ ಬಾಗಿಲಲ್ಲಿ, ಸೆರಗಿಗೆ ಕೈ ಒರೆಸಿಕೊಳ್ಳುತ್ತ ನಿಂತಿದ್ದಳು. ಎಲ್ಲ ಕೇಳಿಸಿಕೊಂಡಿದ್ದಳು. ನಿಧಾನವಾಗಿ ಅಂಗಳ ದಾಟಿ ಅವನ ಹತ್ತಿರ ಬಂದಳು. ಮುಖದಲ್ಲಿ ಸಿಟ್ಟಿರಲಿಲ್ಲ, ಎಷ್ಟೋ ದಿನದಿಂದ ಕೂಡದೆ ಉಳಿದ ಒಂದು ಲೆಕ್ಕ ಕೂಡಿತು ಎನ್ನುವಂಥ ದಣಿವಿತ್ತು.

"ಅವತ್ತು ನನ್ನ ಕಿವಿಗೆ ನನ್ನ ದನಿ ಸರಿಯಾಗೇ ಇತ್ತು ಅಯ್ನೋರೇ," ಎಂದಳು. "ಡಬ್ಬ ಬ್ಯಾರೆ ಹೇಳ್ತು. ನೀವೂ ಅಂಗೇ ಅಂದ್ರಿ. ನನ್ನ ಕಿವಿನೇ ಸುಳ್ಳು ಅಂದ್ಕಂಡು ಬಾಯಿ ಮುಚ್ಕಂಡೆ."

ಅವನು ತಲೆ ತಗ್ಗಿಸಿದ. ಅವಳು ಸಿದ್ದಗಂಗಮ್ಮ ಕರೆದಳೆಂದು ಒರಳಿನ ಪಕ್ಕಕ್ಕೆ ಹೋಗಿ ನಿಂತಳು, ಹುಡುಗಿಯ ಹೆಸರನ್ನೂ ಹುಡುಗನ ಹೆಸರನ್ನೂ ಕೇಳಿ ತಿಳಿದುಕೊಂಡಳು. ಸರೋಜಮ್ಮ, ಪರ್ವತಯ್ಯ ಎಂದು ಎರಡು ಸಲ ಮೆಲ್ಲಗೆ ಹೇಳಿ ನೋಡಿಕೊಂಡಳು. ರೇಣುಕಯ್ಯ ಮೈಕನ್ನು ಅವಳ ಮುಂದಿಟ್ಟ. ಈಗ ತೋರಿಸುತ್ತೇನೆ ನಿಮಗೆ ಎಂದು ಅವನ ಎದೆ ಹೇಳುತ್ತಿತ್ತು, ಆ ದನಿ ಎಂಥದು, ನನ್ನ ಸೆಟ್ಟು ಎಂಥದು, ಎರಡೂ ಈಗ ಕೇಳಿ. ಅವಳು ಪದ ಎತ್ತಿದಳು. ಮೊದಲ ಸಾಲು ಬೀದಿಗೆ ಹೋಯಿತು, ಯಾವ ಕಲಬೆರಕೆಯೂ ಇಲ್ಲದೆ, ಅವಳೇ ಹಾರ್ನಿನ ಬಾಯಲ್ಲಿ ನಿಂತು ಹಾಡುತ್ತಿರುವ ಹಾಗೆ. ಎರಡನೆಯ ಸಾಲೂ ಆಯಿತು, ತುದಿಯಲ್ಲಿ ಸ್ವಲ್ಪ ತರಿತರಿ. ಮೂರನೆಯ ಸಾಲು ಏರಿತು. ಸರೋಜಮ್ಮ ಎಂದು ಎತ್ತಬೇಕಾದ ಕಡೆ ದನಿ ಒಡೆಯಿತು.

ರೇಣುಕಯ್ಯ ಸೆಟ್ಟಿನ ಕಡೆ ನೋಡಿದ. ವಾಲ್ವುಗಳು ಒಂದು ಚೂರೂ ಮಂಕಾಗದೆ ಉರಿಯುತ್ತಿದ್ದವು. ಟ್ರಾನ್ಸ್‌ಫಾರ್ಮರಿನ ಮೇಲೆ ಕೈಯಿಟ್ಟ, ಎಷ್ಟು ಕಾಯಬೇಕೋ ಅಷ್ಟೇ ಕಾದಿತ್ತು. ಎಲ್ಲಾದರೂ ಒಂದು ಗುಂಯ್, ಒಂದು ಗುಟುಕು, ಒಂದು ಸಡಿಲ ಬೆಸುಗೆ ಇರಲಪ್ಪಾ ಎಂದು ದೇವರನ್ನು ಬೇಡುವವನ ಹಾಗೆ ಕಿವಿಗೊಟ್ಟ. ಇರಲಿಲ್ಲ. ಸೆಟ್ಟು ಸರಿಯಾಗಿತ್ತು. ನಾಲ್ಕು ವರ್ಷ ಬಾಯಿ ಮುಚ್ಚಿಕೊಂಡ ಗಂಟಲು ತುಕ್ಕು ಹಿಡಿದಿತ್ತು, ಸೆಟ್ಟು ಅದನ್ನು ಮುಚ್ಚಿಡದೆ ಊರಿಗೆಲ್ಲ ಹೇಳಿತ್ತು. ಅವತ್ತು ತಾನು ಆಡಿದ ಸುಳ್ಳನ್ನು ತಾನೇ ನಿಜ ಮಾಡಿಬಿಟ್ಟಿದ್ದ. ಆಂಜಿನಮ್ಮ ಹಾಡು ನಿಲ್ಲಿಸಿದಳು. ಒನಕೆ ಹಿಡಿದವರು ಹಿಡಿದೇ ಇದ್ದರು. ಬೀದಿಯಲ್ಲಿ ಈ ಸಲ ಯಾರೂ ನಗಲಿಲ್ಲ, ಅದೇ ಇನ್ನೂ ಕಷ್ಟವಾಗಿತ್ತು. ಅವಳ ಕೈ ಗಂಟಲಿಗೆ ಹೋಗುತ್ತಿದ್ದದ್ದು ಅರ್ಧದಲ್ಲೇ ನಿಂತಿತು. ಮೈಕು ಮುಂದಿದೆ ಎಂಬುದನ್ನು ಮರೆತು ಅವಳು ಅವನ ಕಡೆ ತಿರುಗಿದಳು.

"ಈಗ ಯಾವ್ದು ಅಯ್ನೋರೇ? ಸೆಟ್ಟಾ, ನಾನಾ?"

ಪ್ರಶ್ನೆ ಹಾರ್ನಿನಿಂದ ಬೀದಿಗೆ ಹೋಯಿತು. ಈ ಸಲವೂ ಒಂದು ಉಸಿರಿನಷ್ಟು ಹೊತ್ತಿರಲಿಲ್ಲ. ರೇಣುಕಯ್ಯ ಮೈಕಿನ ಹತ್ತಿರ ಬಗ್ಗಿ ಹೇಳಿದ.

"ಸೆಟ್ಟು ಕಣಮ್ಮ. ಇನ್ನೂ ಸರಿಹೋಗಿಲ್ಲ ಇದು."

ತನ್ನ ದನಿಯನ್ನು ಹಾರ್ನಿನಲ್ಲಿ ಅವನು ಹೀಗೆ ಕೇಳಿದ್ದು ಅದೇ ಮೊದಲು. ಎದೆಯ ಗೊರಗೊರ, ಕಣಮ್ಮ ಎನ್ನುವಾಗ ನಡುಗಿದ ತುಟಿ, ಕೊನೆಯಲ್ಲಿ ಉಗುಳು ನುಂಗಿದ್ದು, ಎಲ್ಲವೂ ಅಚ್ಚುಕಟ್ಟಾಗಿ, ಸದ್ದಿನ ಒಂದು ಎಳೆಯೂ ಕೆಡದೆ ಚಪ್ಪರವನ್ನೂ ಬೀದಿಯನ್ನೂ ತುಂಬಿತು. ಸೆಟ್ಟು ಕೆಟ್ಟಿದೆ ಎಂಬ ಮಾತನ್ನು ಸೆಟ್ಟು ಅಷ್ಟು ಚೆನ್ನಾಗಿ ಹೇಳಿತ್ತು. ಅದನ್ನು ಗಮನಿಸುವ ಕಿವಿ ಅಲ್ಲಿ ಎಷ್ಟು ಜನಕ್ಕಿತ್ತೋ. ಶಂಕರಲಿಂಗಪ್ಪನಿಗೆ ಇರಲಿಲ್ಲ. ಕೆಟ್ಟ ಡಬ್ಬವನ್ನು ನನ್ನ ಮನೆಗೇ ಯಾಕೆ ತಂದೆ, ಅದೂ ಎರಡೆರಡು ಸಲ, ಇವತ್ತೇ ಬಿಚ್ಚಿಕೊಂಡು ಹೋಗು, ನಾಳೆಗೆ ತುಮಕೂರಿನಿಂದ ಸೆಟ್ಟು ತರಿಸುತ್ತೇನೆ, ಇನ್ನು ನಮ್ಮವರ ಯಾರ ಮನೆಗೂ ನೀನು ಕಾಲಿಡಬೇಡ ಎಂದ. ಆಗಲಿ ಯಜಮಾನ್ರೇ ಎಂದ ರೇಣುಕಯ್ಯ. ತನ್ನ ಕೈಯಿಂದ ಆದ ಒಂದೇ ಒಂದು ಸರಿಯಾದ ಕೆಲಸಕ್ಕೆ ತಾನೇ ಹೆಸರು ಕೆಡಿಸಿದ್ದು ನೋಯುತ್ತಿತ್ತು. ಇದೂ ಹೇಡಿತನವೇ ಇರಬಹುದು, ಇರಲಿ, ವಿಚಾರಿಸಿ ನೋಡುವಷ್ಟು ಶಕ್ತಿ ಅವನಲ್ಲಿ ಉಳಿದಿರಲಿಲ್ಲ. ಸೆಟ್ಟಿನ ಮುಂದೆ ಕುಕ್ಕರುಗಾಲಲ್ಲಿ ಕೂತು ಸ್ವಿಚ್ಚಿಗೆ ಕೈ ಹಾಕಿದ.

ಆಂಜಿನಮ್ಮ ಬಗ್ಗಿ ಅವನ ಮಣಿಕಟ್ಟು ಹಿಡಿದಳು. ಮುಟ್ಟಬಾರದವರನ್ನು ಮುಟ್ಟಿದೆನೆಂದು ಕೂಡಲೇ ಬಿಟ್ಟಳು, ಆದರೆ ಕೈ ಅಲ್ಲೇ ಅಡ್ಡ ಇಟ್ಟಳು. ಮೈಕಿಗೆ ಕೇಳದ ಹಾಗೆ, ಅವನಿಗೆ ಮಾತ್ರ ಕೇಳುವ ಹಾಗೆ ಹೇಳಿದಳು:

"ಸುಳ್ಳೂ ಎಷ್ಟು ಚೆಂದಾಗಿ ಕೇಳ್ತೈತೆ ಇದ್ರಾಗೆ. ಆರಿಸ್ಬ್ಯಾಡಿ. ಎಲ್ಲಿ ಒಡೀತೈತೋ ನಂಗೂ ಕೇಳ್ಬೇಕು."

ಅವನು ಕೈ ಹಿಂದಕ್ಕೆ ತೆಗೆದುಕೊಂಡ. ಅವಳು ಸಿದ್ದಗಂಗಮ್ಮನ ಕಡೆ ತಿರುಗಿ, ಒಸಿ ಕೆಳಗೆ ಎತ್ಕಂತೀನಿ ಅಜ್ಜಿ ಎಂದಳು. ಶಂಕರಲಿಂಗಪ್ಪ ಏನೋ ಹೇಳಬಂದ, ಮುದುಕಿ ಸುಮ್ಮನಿರು ಎಂದು ಕೈ ಮಾಡಿದಳು. ಆಂಜಿನಮ್ಮ ಹಾರ್ನಿನ ಕಡೆ ಕಿವಿ ವಾರೆ ಮಾಡಿ ನಿಂತು, ಮೊದಲಿಗಿಂತ ತಗ್ಗಿದ ದನಿಯಲ್ಲಿ, ಒಂದೊಂದು ಮಾತನ್ನೂ ಹೊರಗೆ ಹೋದ ಮೇಲೆ ಕೇಳಿಸಿಕೊಂಡು ಮುಂದಿನದನ್ನು ಇಡುತ್ತ, ಪದವನ್ನು ಮೊದಲಿನಿಂದ ಹಿಡಿದಳು. ಮೂರನೆಯ ಸಾಲಿನಲ್ಲಿ ಹುಡುಗಿಯ ಹೆಸರು ಬಂದಾಗ ದನಿ ಮತ್ತೆ ಒಡೆಯಿತು. ಅವಳು ನಿಲ್ಲಿಸಲಿಲ್ಲ. ಒಡೆದ ದನಿಯಲ್ಲೇ ಹೆಸರನ್ನು ಪೂರ್ತಿ ಹೇಳಿ ಸಾಲು ಮುಗಿಸಿದಳು, ಮೊದಲ ಒನಕೆ ಅರಿಶಿನದ ಮೇಲೆ ಬಿತ್ತು.